ಬಾಗಿಲ ಆಚೆ ಇದ್ದ ಗೆಳೆಯ
(ಪಿಸ್ಕಾಟವೇಯಲ್ಲಿ ಕನ್ನಡಿಗರು ಸೇರಿದ್ದಾಗ ಆಡಿದ ಮಾತುಗಳ ಬರಹರೂಪ)



ಮಗಳು-ಅಳಿಯನ ಮನೆಗೆ ಬಂದು ಮೂರು ತಿಂಗಳಾಯ್ತು. ಇಲ್ಲಿ ಕನ್ನಡ ಕಿವಿಗೆ ಬೀಳೋದು ಕಷ್ಟ ಅಂದುಕೊಂಡು ಬಂದವನು ನಾನು. ಬಂದ ಮೊದಲ ಶನಿವಾರವೇ ಓಕ್ ಟ್ರೀ ರೋಡಿನ ಅಂಗಡಿಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಫ್ರೀಜರಿನ ಅವರೆಕಾಳಿಗೆ ಸೊಗಡೇ ಇಲ್ಲ ಅಂತ ಅಚ್ಚ ಮೈಸೂರು ಕನ್ನಡದಲ್ಲಿ ಬೈತಾ ಇದ್ರು. ಜೀವಕ್ಕೆ ಹಿತವಾಯ್ತು!

"ನೇವಿಯಲ್ಲಿದ್ದವರಂತೆ, ಯುದ್ಧದ ಬಗ್ಗೆ ಮಾತಾಡಿ ಸಾರ್" ಅಂದ್ರು ಇಲ್ಲಿನ ಗೆಳೆಯರು. ಮೊದಲೇ ಹೇಳಿಬಿಡ್ತೀನಿ, ನಾನು ಯುದ್ಧ ನೋಡಿದವನಲ್ಲ. ನೇವಿ ಸೇರಿದ್ದು 1974ರಲ್ಲಿ, ಅಷ್ಟು ಹೊತ್ತಿಗೆ 71ರ ಯುದ್ಧ ಮುಗಿದಿತ್ತು. 78ರಿಂದ 89ರವರೆಗೆ ಸಬ್‌ಮರೀನಿನಲ್ಲಿದ್ದೆ. ಹಾಗಾಗಿ ಯುದ್ಧ ಬಿಟ್ಟು ಗೆಳೆಯರ ಬಗ್ಗೆ ಹೇಳ್ತೀನಿ. ಅದರಲ್ಲೂ ಒಬ್ಬನ ಬಗ್ಗೆ.

ಪತ್ರಿಕೆಯವರು ಜಲಾಂತರ್ಗಾಮಿ ಅಂತ ಬರೀತಾರೆ. ಒಳ್ಳೆಯ ಪದವೇ. ಆದ್ರೆ ನಾವು ಅದನ್ನು ಒಂದು ದಿನವೂ ಆಡಿದವರಲ್ಲ. ನಮಗದು ಬೋಟು, ಅಷ್ಟೇ.

ನಮ್ಮ ದೇಶದ ಮೊದಲ ಬೋಟು ಐಎನ್‌ಎಸ್ ಕಲ್ವರಿ. 1967ರ ಡಿಸೆಂಬರ್ 8ರಂದು, ಆಗಿನ ಸೋವಿಯತ್ ಒಕ್ಕೂಟದ ರೀಗಾದಲ್ಲಿ ನಮ್ಮ ಬಾವುಟ ಏರಿಸಿತು. ಅದಕ್ಕೇ ಪ್ರತಿ ವರ್ಷ ಡಿಸೆಂಬರ್ 8 ನಮಗೆ ಹಬ್ಬ. ಆಮೇಲೆ ಅದೇ ಫಾಕ್ಸ್‌ಟ್ರಾಟ್ ಮಾದರಿಯವು ಇನ್ನೂ ಏಳು ಬಂದವು. ಅವುಗಳಲ್ಲಿ ಕುರ್ಸುರಾ 2001ರಲ್ಲಿ ನಿವೃತ್ತಿಯಾಗಿ, ಮರುವರ್ಷದಿಂದ ವಿಶಾಖಪಟ್ಟಣದ ಬೀಚಿನಲ್ಲಿ ಮ್ಯೂಸಿಯಂ ಆಗಿ ನಿಂತಿದೆ. ರಜೆಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ. ನಾನಿದ್ದದ್ದು ಅದರ ಒಂದು ಅಕ್ಕತಂಗಿ ಬೋಟಿನಲ್ಲಿ. ಕುರ್ಸುರಾ ನೋಡೋಕೆ ಟಿಕೆಟ್ ತಗೊಂಡು ಕ್ಯೂನಲ್ಲಿ ನಿಂತಾಗ, ನಮ್ಮ ಮನೆಗೆ ನಾವೇ ದುಡ್ಡು ಕೊಟ್ಟು ಹೋದ ಹಾಗಾಯ್ತು.

ಸುಮಾರು 91 ಮೀಟರ್ ಉದ್ದ ಅಂದ್ರೆ ದೊಡ್ಡದು ಅನ್ನಿಸುತ್ತೆ, ಅಲ್ವೇ? ಮೂರು ಡೀಸೆಲ್ ಎಂಜಿನ್ನು, ಬ್ಯಾಟರಿ, ಟಾರ್ಪೆಡೋ, ಪೈಪು ಎಲ್ಲ ತುಂಬಿಸಿ ಮಿಕ್ಕಿದ ಸಂದಿಯಲ್ಲಿ 75 ಜನ. ಒಬ್ಬ ಎದ್ದು ಡ್ಯೂಟಿಗೆ ಹೋದ್ರೆ ಅದೇ ಬೆಚ್ಚಗಿನ ಹಾಸಿಗೆಗೆ ಇನ್ನೊಬ್ಬ. ಸ್ನಾನ ಅನ್ನೋದು ದಡಕ್ಕೆ ಬಂದ ಮೇಲಿನ ಮಾತು. ನನ್ನಾಕೆ ನನ್ನ ಬಟ್ಟೆಚೀಲವನ್ನು ಹೊಸ್ತಿಲು ದಾಟಿಸ್ತಿರಲಿಲ್ಲ, ಅಷ್ಟು ಡೀಸೆಲ್ ವಾಸನೆ!

ಆ 75 ಜನರಲ್ಲಿ ಕನ್ನಡಿಗರು ನಾವಿಬ್ಬರೇ. ಅವನು ಕುಮಟಾ ಕಡೆಯವನು, ಎಂಜಿನ್ ರೂಮಿನವನು. ಅವನಿಗೆ ನಾನು "ಮೈಸೂರು", ನನಗೆ ಅವನು "ಕುಮಟಾ". ಹೆಸರು ಹಿಡಿದು ಕರೆದದ್ದೇ ಇಲ್ಲ. ಬೋಟಿನಲ್ಲಿ ವಾಲ್ವುಗಳ ಮೇಲೆಲ್ಲ ರಷ್ಯನ್ ಅಕ್ಷರ, ಆರ್ಡರು ಇಂಗ್ಲಿಷು, ಊಟದ ಜಗಳ ಹಿಂದಿ. ನಮ್ಮಿಬ್ಬರಿಗೆ ಮಾತ್ರ ಒಂದು ಗುಟ್ಟಿನ ಭಾಷೆ ಇತ್ತು. ಡೀಸೆಲ್ ಓಡಿಸಲು ನೀರಿನಿಂದ ಗಾಳಿಕೊಳವೆ ಎತ್ತೋದಕ್ಕೆ "ಮೂಗು ಎತ್ತೋದು". ಬ್ಯಾಟರಿ ಚಾರ್ಜಿಗೆ "ಹೊಟ್ಟೆ ತುಂಬಿಸೋದು". ಉಳಿದವರು ಬಿಟ್ಟ ಕಣ್ಣು ಬಿಟ್ಟಂಗೆ ನೋಡೋರು.

ಈಗ ಬಾಗಿಲಿನ ವಿಷಯಕ್ಕೆ ಬರ್ತೀನಿ. ಬೋಟಿನೊಳಗೆ ಏಳು ಕಂಪಾರ್ಟ್‌ಮೆಂಟು. ಒಂದರಿಂದ ಇನ್ನೊಂದಕ್ಕೆ ಹೋಗಲು ದುಂಡನೆಯ ಉಕ್ಕಿನ ಬಾಗಿಲು, ಮೈ ಮುದುರಿಕೊಂಡು ತೂರಬೇಕು. ಒಂದು ಕಡೆ ಬೆಂಕಿಯೋ ನೀರೋ ಆದ್ರೆ ಎರಡೂ ಬದಿಯ ಬಾಗಿಲು ಹಾಕಬೇಕು. ಒಳಗಿದ್ದವರು ಹೊರಗೆ ಓಡಿ ಬರುವ ಹಾಗಿಲ್ಲ. ಅಲ್ಲೇ ಇದ್ದು ಹೋರಾಡಬೇಕು. ಕೇಳೋಕೆ ಕ್ರೂರ. ಆದ್ರೆ ಲೆಕ್ಕ ಸರಳ, ಬಾಗಿಲು ತೆಗೆದಿಟ್ಟರೆ 75 ಜನವೂ ಹೋಗ್ತಾರೆ.

ಒಂದು ರಾತ್ರಿ ಎಂಜಿನ್ ರೂಮಿನಲ್ಲಿ ಹೊಗೆ ಎದ್ದಿತು. ಬಾಗಿಲ ಹತ್ತಿರ ಇದ್ದವನು ನಾನು. ಒಳಗೆ ಕುಮಟಾ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಬಾಗಿಲು ಹಾಕಿದೆ.

ಎಷ್ಟು ಹೊತ್ತು ಅಂತ ಈಗಲೂ ಹೇಳಲಾರೆ. ಗಡಿಯಾರದಲ್ಲಿ ಕಾಲು ಗಂಟೆ ಇರಬಹುದು. ಉಕ್ಕಿನ ಮೇಲೆ ಒಳಗಿನಿಂದ ಟಕ್ ಟಕ್ ಬಡಿಯೋ ಸದ್ದಿಗೆ ಕಿವಿ ಇಟ್ಟು ನಿಂತಿದ್ದೆ. ಕೊನೆಗೆ ಹೊರಬಂದ, ಹುಬ್ಬು ಸುಟ್ಟಿತ್ತು. "ಎಂಥದ್ ಮಾರಾಯ, ಚಾ ಮಾಡಿಟ್ಟಿದ್ಯೋ ಇಲ್ವೋ?" ಅಂದ.

ಈ ಕತೆ ಮನೆಯಲ್ಲಿ ಹೇಳಿರಲಿಲ್ಲ. ನನ್ನ ಮಗಳು ಇವತ್ತೇ ಕೇಳ್ತಿರೋದು, ಮುಂದಿನ ಸಾಲಿನಲ್ಲಿ ಕೂತಿದ್ದಾಳೆ. ಹೇಳಬಾರದು ಅಂತಲ್ಲ. ಹೇಳಿದ್ರೆ "ಅಪ್ಪ, ಹಾಕಿಬಿಟ್ರಾ?" ಅಂತ ಕೇಳ್ತಾರೆ, ಅದಕ್ಕೆ ಉತ್ತರ ಕೊಡೋದು ಹೇಗೆ? ಬೋಟಿನವರು ಹಾಗೆ ಕೇಳೋದಿಲ್ಲ. ಎಷ್ಟೋ ವರ್ಷ ಆದ ಮೇಲೆ ಕುಮಟಾದಲ್ಲಿ ಅವನ ಜಗುಲಿ ಮೇಲೆ ಕೂತು, ಆ ದಿನದ್ದು ಮನಸ್ಸಿನಲ್ಲಿ ಕೊರೀತಿದೆ ಅಂದೆ. "ನೀನು ಹಾಕದೆ ನಿಂತಿದ್ರೆ ಆಮೇಲೆ ನಿನ್ನ ಮೂತಿ ನೋಡ್ತಿರಲಿಲ್ಲ" ಅಂದು ಕೋಕಂ ಪಾನಕ ತರಲು ಒಳಗೆ ಹೋದ.

2013ರ ಆಗಸ್ಟ್ 14ರಂದು ಮುಂಬೈಯಲ್ಲಿ ಸಿಂಧುರಕ್ಷಕ್ ಬೋಟು ಸ್ಫೋಟವಾಗಿ 18 ಜನ ಹೋದ್ರು. ಬೆಳಿಗ್ಗೆ ಮೊದಲ ಫೋನು ಅವನದೇ. ಇಬ್ಬರೂ ಏನೂ ಮಾತಾಡಲಿಲ್ಲ. ಫೋನು ಹಿಡಕೊಂಡು ಸುಮ್ಮನೆ ಕೂತಿದ್ವಿ.

ಇನ್ನು ನಿಮ್ಮೂರಿನ ಸಂಗತಿ. ನೀವಿರೋ ಈ ನ್ಯೂಜೆರ್ಸಿ ಸಬ್‌ಮರೀನಿನ ತವರುಮನೆ, ಗೊತ್ತಿತ್ತಾ? ಐರ್ಲೆಂಡಿನಿಂದ ಬಂದ ಜಾನ್ ಹಾಲೆಂಡ್ ಅನ್ನೋ ಶಾಲಾ ಮೇಷ್ಟ್ರು 1878ರಲ್ಲಿ ತನ್ನ ಮೊದಲ ಬೋಟನ್ನು ಇಲ್ಲೇ ಪಸೇಯಿಕ್ ನದಿಯಲ್ಲಿ ಮುಳುಗಿಸಿ ತೇಲಿಸಿದ. ಅದು ಪ್ಯಾಟರ್ಸನ್ ಮ್ಯೂಸಿಯಂನಲ್ಲಿದೆ. ಅಳಿಯ ಅದನ್ನು ತೋರಿಸಿ, ಹ್ಯಾಕೆನ್‌ಸಾಕ್‌ಗೂ ಕರೆದೊಯ್ದ. ಅಲ್ಲಿನ ನದಿಯಲ್ಲಿ ಎರಡನೇ ಮಹಾಯುದ್ಧದ ಕಾಲದ ಯುಎಸ್‌ಎಸ್ ಲಿಂಗ್ ಇದೆ. 1973ರಲ್ಲಿ ತಂದು ಮ್ಯೂಸಿಯಂ ಮಾಡಿದ್ರಂತೆ. 2018ರಲ್ಲಿ ಯಾರೋ ಕಿಡಿಗೇಡಿಗಳು ಬಾಗಿಲು ತೆರೆದು ನೀರು ನುಗ್ಗಿಸಿದ್ರು. ಆ ಯುದ್ಧದಲ್ಲಿ ಅಮೆರಿಕ ಕಳೆದುಕೊಂಡ 52 ಬೋಟುಗಳ ನೆನಪಿನ ಫಲಕಗಳನ್ನೂ ಕದ್ದೊಯ್ದಿದ್ರು.

ದಡದಲ್ಲಿ ನನ್ನ ಹಾಗೇ ಒಬ್ಬ ಮುದುಕ, ಟೋಪಿ ಮೇಲೆ ಡಾಲ್ಫಿನ್ ಬಿಲ್ಲೆ. ಅದು ನಮ್ಮವರದ್ದೂ ಗುರುತು. "ಯಾವ ಬೋಟು?" ಅಂದ. "ಫಾಕ್ಸ್‌ಟ್ರಾಟ್" ಅಂದೆ. ಥಟ್ಟನೆ ಮೂರು ಬೆರಳು ಎತ್ತಿ ತೋರಿಸಿ ನಕ್ಕ. ಫಾಕ್ಸ್‌ಟ್ರಾಟಿಗೆ ಮೂರು ಫ್ಯಾನು! ಅವನು ಸೋನಾರ್ ಕೆಲಸದವನು, ಅಟ್ಲಾಂಟಿಕ್‌ನಲ್ಲಿ ರಷ್ಯಾದವರ ಅದೇ ಮೂರು ಫ್ಯಾನಿನ ಸದ್ದಿಗೆ ವರ್ಷಗಟ್ಟಲೆ ಕಿವಿಕೊಟ್ಟು ಕೂತವನು. ಮಾತು ಮುಗೀಲೇ ಇಲ್ಲ. ಅಳಿಯ ಪಾಪ ಎರಡು ಸಲ ವಾಚು ನೋಡಿಕೊಂಡ.

ಈ ಡಿಸೆಂಬರ್ 8ಕ್ಕೆ ನಾನು ಇಲ್ಲೇ ಇರ್ತೀನಿ. ಕುಮಟಾಗೆ ಎಲ್ಲಿಗೂ ಹೋಗೋ ಶಕ್ತಿ ಇಲ್ಲ. ಡೀಸೆಲ್ ಎಂಜಿನ್ನು ಅವನ ಕಿವಿಯನ್ನೂ ತಿಂದುಹಾಕಿದೆ, ಈಗ ಮಿಷಿನು ಇಟ್ಟರೂ ಕೇಳಲ್ಲ. ಭಾನುವಾರ ವಿಡಿಯೋ ಕಾಲ್ ಮಾಡ್ತೀವಿ. ನಾನು ಹೇಳಿದ್ದನ್ನು ಮೊಮ್ಮಗ ಬರೆದು ತೋರಿಸಲಿ ಅಂದ್ರೆ, ಬೆಂಗಳೂರಲ್ಲಿ ಓದೋ ಹುಡುಗನಿಗೆ ಕನ್ನಡ ಬರೆಯೋಕೆ ಬರಲ್ಲ! ಹಾಗಾಗಿ ಹಳೇ ಕ್ಯಾಲೆಂಡರಿನ ಹಿಂಬದಿ ದಪ್ಪಕ್ಷರದಲ್ಲಿ ಬರೆದು ಕ್ಯಾಮೆರಾಗೆ ನಾನೇ ಹಿಡೀತೀನಿ. ಮೊನ್ನೆ ಲಿಂಗ್ ಕತೆಯನ್ನು ಹಾಗೇ ನಾಲ್ಕು ಹಾಳೆಯಲ್ಲಿ ಬರೆದು ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಓದಿದ. ಮುಖ ಕೆಂಪಾಯ್ತು.

"ಬಾಗಿಲ ಹತ್ರ ಯಾರೂ ಇರಲಿಲ್ವೋ ಮೈಸೂರು?" ಅಂತ ಕಿರುಚಿದ.