ಪೂಜೆಯ ಗ್ರಂಥ ಓದಿನ ಗ್ರಂಥವಾದ ಬಗೆ

ಕಾಗವಾಡ ತಾಲ್ಲೂಕಿನ ಜುಗೂಳ ಕೃಷ್ಣಾ ದಂಡೆಯ ಊರು. ಹೊಳೆ ದಾಟಿದರೆ ಖಿದ್ರಾಪುರ. ಅಲ್ಲಿ ಶಿಲಾಹಾರರ ಕಾಲದ ಕೋಪೇಶ್ವರ ಗುಡಿಯೂ ಇದೆ, ಜೈನ ಬಸದಿಯೂ ಇದೆ. ಈ ದಂಡೆ ಕರ್ನಾಟಕಕ್ಕೆ ಸೇರಿದ್ದು, ಆ ದಂಡೆ ಮಹಾರಾಷ್ಟ್ರಕ್ಕೆ. ಆದರೆ ಜ್ಯೇಷ್ಠ ಶುದ್ಧ ಪಂಚಮಿ ಬಂತೆಂದರೆ ಈ ಸೀಮೆಯ ಜೈನರಿಗೆಲ್ಲ ಒಂದೇ ಹಬ್ಬ, ಶ್ರುತಪಂಚಮಿ. ಅಂದು ಬಸದಿಯಲ್ಲಿ ಶಾಸ್ತ್ರಗ್ರಂಥಗಳನ್ನು ಪೀಠದ ಮೇಲಿಟ್ಟು ಪೂಜಿಸುತ್ತಾರೆ.

ಗ್ರಂಥವನ್ನು ಪೂಜಿಸುವುದು ಒಂದು, ಓದುವುದು ಇನ್ನೊಂದು. ಅದು ಯಾವ ಕಾಲದ್ದು, ಯಾವ ಸಂಘದ್ದು, ಯಾವ ಭಾಷೆಯದು, ಅದರ ಪಾಠ ಸರಿಯಾಗಿದೆಯೇ ಎಂದು ವಿಚಾರಿಸಿ ಓದುವುದು ಮತ್ತೊಂದು. ಈ ಮೂರನೆಯ ಓದು ಹೇಗೆ ಬೆಳೆಯಿತು, ಅದರಲ್ಲಿ ನಮ್ಮ ಚಿಕ್ಕೋಡಿ, ಕಾಗವಾಡ ಸೀಮೆಯವರ ಪಾಲೇನು ಎಂಬುದು ಇವತ್ತಿನ ಮಾತು.

ಶ್ರುತಪಂಚಮಿಯ ಹಿಂದಿನ ಐತಿಹ್ಯ ದಿಗಂಬರ ಮನೆಗಳಿಗೆ ಗೊತ್ತಿರುವಂಥದೇ. ಗಿರಿನಗರದ ಗುಹೆಯಲ್ಲಿದ್ದ ಧರಸೇನಾಚಾರ್ಯರಿಗೆ, ಕಂಠಪಾಠದಲ್ಲಿ ಉಳಿದಿರುವ ಆಗಮದ ಅರಿವು ತಮ್ಮೊಂದಿಗೇ ಮುಗಿದುಹೋದೀತೆಂಬ ಚಿಂತೆ ಹತ್ತಿತು. ದಕ್ಷಿಣದಿಂದ ಇಬ್ಬರು ಮುನಿಗಳನ್ನು ಕರೆಸಿ ಕಲಿಸಿದರು. ಆ ಇಬ್ಬರು, ಪುಷ್ಪದಂತ ಮತ್ತು ಭೂತಬಲಿ, ಷಟ್ಖಂಡಾಗಮವನ್ನು ರಚಿಸಿದರು. ಬರಹ ಮುಗಿದ ತಿಥಿಯೇ ಈ ಪಂಚಮಿ. ಮುಂದೆ ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ಇದಕ್ಕೆ ಧವಲಾ ಎಂಬ ಟೀಕೆ ಬರೆದರು. ಸುಮಾರು 816ರಲ್ಲಿ ಮುಗಿದ ಆ ಟೀಕೆಯ ಗಾತ್ರ 72,000 ಶ್ಲೋಕ ಪ್ರಮಾಣ. ಕಷಾಯಪಾಹುಡವೆಂಬ ಇನ್ನೊಂದು ಗ್ರಂಥಕ್ಕೆ ಅವರು ಆರಂಭಿಸಿದ ಜಯಧವಲಾ ಟೀಕೆಯನ್ನು ಶಿಷ್ಯ ಜಿನಸೇನರು 837ರಲ್ಲಿ, ಅಮೋಘವರ್ಷನ ಆಳ್ವಿಕೆಯಲ್ಲಿ, ಪೂರ್ಣಗೊಳಿಸಿದರು.

ಇಷ್ಟು ದೊಡ್ಡ ಸಾಹಿತ್ಯ ಕೊನೆಗೆ ಉಳಿದದ್ದು ಮೂಡಬಿದಿರೆಯ ಸಿದ್ಧಾಂತ ಬಸದಿಯ ಓಲೆಗರಿಗಳಲ್ಲಿ. ಭಾಷೆ ಪ್ರಾಕೃತ, ಸಂಸ್ಕೃತ, ಲಿಪಿ ಹಳಗನ್ನಡ. ದೂರದೂರದ ಯಾತ್ರಿಕರು ಅಲ್ಲಿಗೆ ಹೋಗಿ ‘ಸಿದ್ಧಾಂತ ದರ್ಶನ’ ಮಾಡಿ ಕೈಮುಗಿದು ಬರುತ್ತಿದ್ದರು. ಓಲೆಗಳಲ್ಲಿ ಏನಿದೆಯೆಂದು ಓದಿ ತಿಳಿಯುವ ಅವಕಾಶ ಅವರಿಗಿರಲಿಲ್ಲ. ಕಾಪಾಡಿದವರ ಋಣ ದೊಡ್ಡದು, ಸಂಶಯವಿಲ್ಲ. ಅವರು ಬಿಗಿಯಾಗಿ ಕಾಯದಿದ್ದರೆ ನಮಗೆ ಓದಲು ಏನೂ ಉಳಿಯುತ್ತಿರಲಿಲ್ಲ. ಆದರೆ ಓಲೆಗಳು ಮುಪ್ಪಾಗುತ್ತಿದ್ದವು, ಆ ಲಿಪಿ ಬಲ್ಲವರೂ ಕಡಿಮೆಯಾಗುತ್ತಿದ್ದರು.

19ನೇ ಶತಮಾನದ ಕೊನೆಗೆ ಸೊಲ್ಲಾಪುರದ ಸೇಠ್ ಹಿರಾಚಂದ ನೇಮಚಂದ, ಮುಂಬಯಿಯ ಸೇಠ್ ಮಾಣಿಕಚಂದ ಮೊದಲಾದವರು ಪ್ರತಿ ಮಾಡಿಸಲು ಹಣ ಕೂಡಿಸಿದರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು, ನಮ್ಮ ನೆರೆಯ ಮಿರಜಿನ ಗಜಪತಿ ಉಪಾಧ್ಯಾಯರು ಬರೆಯಲು ಕೂತರು. ಒಪ್ಪಂದದ ಪ್ರಕಾರ ಆ ಪ್ರತಿಗಳೂ ಮೂಡಬಿದಿರೆಯಲ್ಲೇ ಉಳಿಯಬೇಕಿತ್ತು. ಗಜಪತಿ ಉಪಾಧ್ಯಾಯರು ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಮತ್ತೊಂದು ಪ್ರತಿ ಮಾಡಿದರು. ಅದಕ್ಕೆ ನೆರವಾದವರು ಅವರ ಹೆಂಡತಿ, ಓದುಬರಹ ಬಲ್ಲ ಲಕ್ಷ್ಮೀಬಾಯಿ. ಆ ಪ್ರತಿ ಉತ್ತರದ ಸಹಾರನಪುರ ಸೇರಿತು. ಅಲ್ಲಿ ವಿಜಯಚಂದ್ರಯ್ಯ ಎಂಬ ಕನ್ನಡಿಗರು ಓದಿ ಹೇಳಿದರು, ಸೀತಾರಾಮ ಶಾಸ್ತ್ರಿಗಳು ನಾಗರಿಯಲ್ಲಿ ಬರೆದುಕೊಂಡರು. ಅದರಿಂದ ಬೇರೆ ಪ್ರತಿಗಳು ಹುಟ್ಟಿ ಆರಾ, ಕಾರಂಜಾ, ಅಮರಾವತಿಗಳಿಗೆ ಮುಟ್ಟಿದವು.

ಗಜಪತಿ ಉಪಾಧ್ಯಾಯರು ಮಾಡಿದ್ದು ಸರಿಯೇ ತಪ್ಪೇ ಎಂಬ ಚರ್ಚೆ ಮಾಡಬಹುದು. ಮಾತು ಮುರಿದದ್ದಂತೂ ನಿಜ. ಆದರೆ ಆ ಪ್ರತಿ ಹೊರಬೀಳದಿದ್ದರೆ 1939ರಲ್ಲಿ ಅಮರಾವತಿಯಿಂದ ಧವಲಾದ ಮೊದಲ ಸಂಪುಟ ಅಚ್ಚಾಗುತ್ತಿರಲಿಲ್ಲ. ಸಂಪಾದಕರು ಪ್ರೊಫೆಸರ್ ಹೀರಾಲಾಲ ಜೈನ್. ಅವರೊಂದಿಗೆ ಪಂಡಿತ ಫೂಲಚಂದ್ರ ಶಾಸ್ತ್ರಿ, ಪಂಡಿತ ಹೀರಾಲಾಲ ಶಾಸ್ತ್ರಿ ದುಡಿದರು. ಸಹಕರಿಸಿದವರಲ್ಲಿ ಇನ್ನೊಂದು ಹೆಸರಿದೆ: ಆ. ನೇ. ಉಪಾಧ್ಯೆ.

ಆದಿನಾಥ ನೇಮಿನಾಥ ಉಪಾಧ್ಯೆಯವರು 1906ರ ಫೆಬ್ರುವರಿ 6ರಂದು ಚಿಕ್ಕೋಡಿ ತಾಲ್ಲೂಕಿನ ಸದಲಗದಲ್ಲಿ ಹುಟ್ಟಿದರು. ಬಸದಿಯ ಪೂಜೆ ನಡೆಸುವ ಮನೆತನದವರು. ಎಂ.ಎ. ಮುಗಿಸಿ 1930ರಲ್ಲಿ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸಲು ಸೇರಿದರು. 1935ರಲ್ಲಿ ಅವರು ಸಂಪಾದಿಸಿದ ಕುಂದಕುಂದಾಚಾರ್ಯರ ಪ್ರವಚನಸಾರ ಹೊರಬಂತು. ಮೂಲ ಗಾಹೆಗಳ, ಅಂದರೆ ಪ್ರಾಕೃತ ಪದ್ಯಗಳ, ಜೊತೆಗೆ ಅಮೃತಚಂದ್ರ, ಜಯಸೇನರ ಸಂಸ್ಕೃತ ಟೀಕೆಗಳನ್ನೂ ಕೊಟ್ಟು, ನೂರಕ್ಕೂ ಹೆಚ್ಚು ಪುಟಗಳ ಇಂಗ್ಲಿಷ್ ಪ್ರಸ್ತಾವನೆ ಬರೆದರು. ಕುಂದಕುಂದರ ಕಾಲದ ಬಗ್ಗೆ ಇದ್ದ ಮತಗಳನ್ನೆಲ್ಲ ಒಂದೊಂದಾಗಿ ತೂಗಿ ನೋಡಿದರು. ಭಾಷೆಯನ್ನು ಪರೀಕ್ಷಿಸಿದರು. ಟೀಕಾಕಾರರು ಎಷ್ಟು ಗಾಹೆಗಳನ್ನು ಒಪ್ಪಿದ್ದಾರೆ, ಎಲ್ಲಿ ಭಿನ್ನವಾಗಿದ್ದಾರೆ ಎಂದು ತೋರಿಸಿದರು. ದಿನವೂ ಬಸದಿಯಲ್ಲಿ ಕೇಳುತ್ತಿದ್ದ ಒಂದು ಗ್ರಂಥಕ್ಕೆ ಹೀಗೊಂದು ಚರಿತ್ರೆ ಇದೆಯೆಂದು ಹಲವರಿಗೆ ಆಗ ಮೊದಲ ಬಾರಿಗೆ ಗೊತ್ತಾಯಿತು.

ಅವರ ಇನ್ನೊಂದು ಕೆಲಸ ನಮ್ಮ ಕಾಗವಾಡಕ್ಕೇ ಬಂದು ಮುಟ್ಟುತ್ತದೆ. ಅದು ಯಾಪನೀಯ ಸಂಘದ ಶೋಧ. ಜೈನರೆಂದರೆ ದಿಗಂಬರರು, ಶ್ವೇತಾಂಬರರು ಎಂದು ನಾವು ಎರಡೇ ಹೆಸರು ಹೇಳುತ್ತೇವೆ. ಒಂದು ಕಾಲಕ್ಕೆ ನಮ್ಮ ನಾಡಿನಲ್ಲಿ ಮೂರನೆಯವರೂ ಇದ್ದರು. ಅವರ ಮುನಿಗಳು ದಿಗಂಬರರಂತೆ ನಗ್ನರು. ಆದರೆ ಶ್ವೇತಾಂಬರರಂತೆ ಹಳೆಯ ಆಗಮಗಳನ್ನು ಮಾನ್ಯ ಮಾಡುತ್ತಿದ್ದರು, ಸ್ತ್ರೀಗೆ ಆ ಜನ್ಮದಲ್ಲೇ ಮೋಕ್ಷ ಉಂಟೆನ್ನುತ್ತಿದ್ದರು. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಸಿಕ್ಕ ತಾಮ್ರಪಟಗಳ ಪ್ರಕಾರ, ಕದಂಬ ಮೃಗೇಶವರ್ಮ ತಂದೆಯ ನೆನಪಿಗೆ ಜಿನಾಲಯ ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕರೆಂಬ ಮೂವರಿಗೂ ಭೂಮಿ ಕೊಟ್ಟ. ಅದು 5ನೇ ಶತಮಾನ. ಈ ಸಂಘದ ಕೊನೆಯ ಕುರುಹುಗಳಲ್ಲೊಂದು ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿರುವ 1394ರ ನಿಷಿಧಿ ಶಾಸನ, ಅಂದರೆ ಸ್ಮಾರಕ ಶಾಸನ. ಯಾಪನೀಯ ಗುರುಗಳಾದ ಧರ್ಮಕೀರ್ತಿ, ನಾಗಚಂದ್ರರ ಹೆಸರು ಅದರಲ್ಲಿದೆ.

ಸಂಘ ಅಳಿಯಿತು, ಅವರ ಗ್ರಂಥಗಳು ಉಳಿದವು. ಸಲ್ಲೇಖನದ ಹೊತ್ತಿನಲ್ಲಿ ಆಧಾರವಾಗುವ ಭಗವತೀ ಆರಾಧನೆ ಯಾಪನೀಯರದೆಂದು ನಾಥೂರಾಮ ಪ್ರೇಮಿಯವರಂಥ ವಿದ್ವಾಂಸರು ವಾದಿಸಿದರು. ಅದೇ ಆರಾಧನೆಯ ಕಥೆಗಳ ಸಂತತಿಯನ್ನು ಉಪಾಧ್ಯೆಯವರು 1943ರಲ್ಲಿ ತಾವು ಸಂಪಾದಿಸಿದ ಬೃಹತ್ಕಥಾಕೋಶದ ಪ್ರಸ್ತಾವನೆಯಲ್ಲಿ ಹುಡುಕುತ್ತ ಹೋಗಿ ನಮ್ಮ ವಡ್ಡಾರಾಧನೆಯವರೆಗೂ ಬಂದರು. ದಿಗಂಬರ ಬಸದಿಯಲ್ಲಿ ಭಕ್ತಿಯಿಂದ ಓದುವ ಗ್ರಂಥ ಬೇರೊಂದು ಸಂಘದ್ದಿರಬಹುದೆಂದು ತಿಳಿದರೆ ಭಕ್ತಿ ತಗ್ಗಬೇಕಿಲ್ಲ. ಒಂದೇ ಜಿನಾಲಯದ ದಾನದಲ್ಲಿ ಮೂವರೂ ಪಾಲುಗಾರರಾಗಿದ್ದ ಕಾಲವೊಂದಿತ್ತು ಎಂಬ ಅರಿವು ಮಾತ್ರ ಹೆಚ್ಚುತ್ತದೆ.

ಪಾಠ ಸರಿಯಿದೆಯೇ ಎಂದು ನೋಡುವುದು ಪಂಡಿತರ ಹವ್ಯಾಸ, ನಮಗೇನು ಎನ್ನುವವರಿಗೆ ಒಂದು ಪ್ರಸಂಗ ಹೇಳುತ್ತೇನೆ. ಷಟ್ಖಂಡಾಗಮದ ಮೊದಲ ಭಾಗದ 93ನೇ ಸೂತ್ರ ಸ್ತ್ರೀಯರ ಗುಣಸ್ಥಾನಗಳ, ಅಂದರೆ ಆತ್ಮ ಏರುವ ಮೆಟ್ಟಿಲುಗಳ, ಬಗ್ಗೆ ಇದೆ. ಸಂಪಾದಕರ ಕೈಯಲ್ಲಿದ್ದ ಪ್ರತಿಗಳ ಆ ಸೂತ್ರದಲ್ಲಿ ‘ಸಂಜದ’, ಅಂದರೆ ಮುನಿಯ ಪೂರ್ಣ ಸಂಯಮದ ಸಂಯತ ಮೆಟ್ಟಿಲನ್ನು ಹೇಳುವ, ಪದ ಇರಲಿಲ್ಲ. ಅರ್ಥ ಕೂಡಬೇಕಾದರೆ ಅದು ಇರಲೇಬೇಕೆಂದು ಅವರು ಟಿಪ್ಪಣಿ ಹಾಕಿದರು. ಸಮಾಜದಲ್ಲಿ ದೊಡ್ಡ ವಾದವೆದ್ದಿತು. ಆ ಪದ ಸೇರಿದರೆ ಸ್ತ್ರೀಮುಕ್ತಿಯನ್ನು ಒಪ್ಪಿದಂತಾಗುತ್ತದೆ ಎಂದು ಕೆಲವರು; ಇಲ್ಲ, ಅಲ್ಲಿ ಹೇಳಿದ್ದು ಭಾವದ ಸ್ತ್ರೀತ್ವ, ಶರೀರದ್ದಲ್ಲ ಎಂದು ಮತ್ತೆ ಕೆಲವರು. ಮೂಡಬಿದಿರೆಯ ಓಲೆಗಳನ್ನು ತೆರೆದು ನೋಡಿದಾಗ ಪದ ಅಲ್ಲಿ ಇತ್ತು. ಪ್ರತಿಯಿಂದ ಪ್ರತಿಗೆ ಬರುವಾಗ ಬಿಟ್ಟುಹೋಗಿತ್ತು. ಅದರ ಅರ್ಥದ ವಾದ ಮುಂದೆಯೂ ನಡೆಯಿತು. ಪಾಠದ ವಾದ ಓಲೆಯ ಮುಂದೆ ಮುಗಿಯಿತು. ಹೆಣ್ಣೊಬ್ಬಳ ಕೈಬರಹದ ನೆರವಿಲ್ಲದೆ ಹೊರಬಾರದಿದ್ದ ಗ್ರಂಥದಲ್ಲಿ ವಾದವೆದ್ದದ್ದು ಹೆಣ್ಣಿನ ಯೋಗ್ಯತೆಯ ಮೇಲೆಯೇ.

ಓದಿನ ಈ ಹಾದಿಯಲ್ಲಿ ಮುನಿಗಳ ಪಾಲನ್ನು ಮರೆಯುವಂತಿಲ್ಲ. ದೂಧಗಂಗಾ, ವೇದಗಂಗಾ ಕೂಡುವ ಭೋಜದ ಪಾಟೀಲರ ಮನೆತನದ ಆಚಾರ್ಯ ಶಾಂತಿಸಾಗರರು, ಓಲೆ ಹಾಳಾದರೂ ಆಗಮ ಉಳಿಯಲೆಂದು ಧವಲಾದಿ ಗ್ರಂಥಗಳನ್ನು ತಾಮ್ರಪಟಗಳ ಮೇಲೆ ಕೊರೆಸಲು ಪ್ರೇರಣೆ ಕೊಟ್ಟರು. ಆ ತಾಮ್ರಪಟಗಳು ಫಲಟಣದಲ್ಲಿವೆ. ಕೋಥಳಿಯ ಆಚಾರ್ಯ ದೇಶಭೂಷಣರು ಕನ್ನಡ ಜೈನ ಕೃತಿಗಳನ್ನು ಹಿಂದಿಗೆ ಕೊಟ್ಟರು. 1925ರಲ್ಲಿ ಶೇಡಬಾಳದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾನಂದರು ದೆಹಲಿಯಲ್ಲಿ ಕುಂದಕುಂದ ಭಾರತಿಯನ್ನು ನಿಲ್ಲಿಸಿ ಶೌರಸೇನಿ ಪ್ರಾಕೃತದ ಅಧ್ಯಯನಕ್ಕೆ ಒತ್ತುಕೊಟ್ಟರು. ಸದಲಗದವರೇ ಆದ ಆಚಾರ್ಯ ವಿದ್ಯಾಸಾಗರರು ಕುಂದಕುಂದರ ಗ್ರಂಥಗಳನ್ನು ಹಿಂದಿ ಪದ್ಯಕ್ಕೆ ತಂದರು. ಇತ್ತ ಉಪಾಧ್ಯೆಯವರು 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗಕ್ಕೆ ಬುನಾದಿ ಹಾಕಿದರು, 1975ರಲ್ಲಿ ತೀರಿಕೊಂಡರು.

ಇಷ್ಟಿದ್ದೂ, ಈ ಓದು ನಮ್ಮ ಊರುಗಳಿಗೆ ಪೂರ್ತಿ ಮರಳಿ ಬಂದಿಲ್ಲ. ಉಪಾಧ್ಯೆಯವರ ಪ್ರಸ್ತಾವನೆಗಳು ಇಂಗ್ಲಿಷಿನಲ್ಲಿವೆ, ಧವಲಾದ ಮೊದಲ ಅನುವಾದ ಹಿಂದಿಯಲ್ಲಿದೆ. ಚಾತುರ್ಮಾಸದಲ್ಲಿ ಪ್ರವಚನ ಕೇಳಲು ನೂರಾರು ಜನ ಸೇರುತ್ತಾರೆ. ಪ್ರವಚನ ಮುಗಿದ ಮೇಲೆ ಈ ಗಾಹೆ ಯಾವ ಗ್ರಂಥದ್ದು, ಟೀಕೆ ಯಾರದು, ಬೇರೆ ಪಾಠ ಇದೆಯೇ ಎಂದು ವಿಚಾರಿಸುವವರು ವಿರಳ. ದೊಡ್ಡವರ ಮುಂದೆ ಹಾಗೆ ಕೇಳುವುದು ಅವಿನಯವಾದೀತೆಂಬ ಅಳುಕು ನಮ್ಮಲ್ಲಿದೆ.

ಆ ಅಳುಕಿಗೆ ಶಾಸ್ತ್ರದ ಆಧಾರವಿಲ್ಲ. ತತ್ತ್ವಾರ್ಥಸೂತ್ರ ಸ್ವಾಧ್ಯಾಯದ ಐದು ಬಗೆಗಳನ್ನು ಎಣಿಸುತ್ತದೆ: ವಾಚನ, ಪೃಚ್ಛನ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಓದುವುದು ಮೊದಲು, ಪ್ರಶ್ನೆ ಕೇಳುವುದು ಅದರ ಬೆನ್ನಿಗೇ ಎರಡನೆಯದು. ಉಪದೇಶದ ಸರದಿ ಕೊನೆಗೆ. ಸ್ವಾಧ್ಯಾಯವನ್ನು ಆ ಸೂತ್ರ ಸೇರಿಸಿರುವುದು ಅಂತರಂಗ ತಪಸ್ಸುಗಳ ಸಾಲಿನಲ್ಲಿ. ಹೀಗಿರುವಾಗ ಬರುವ ಚಾತುರ್ಮಾಸದಲ್ಲಿ ಜುಗೂಳದ ಹುಡುಗಿಯೊಬ್ಬಳು ಎದ್ದು ನಿಂತು, ಕಾಗವಾಡದ ಆ ಯಾಪನೀಯ ಗುರುಗಳು ಯಾವ ಗ್ರಂಥ ಓದುತ್ತಿದ್ದರು ಎಂದು ಕೇಳಿದರೆ ಅವಳನ್ನು ಸುಮ್ಮನಾಗಿಸಬೇಡಿ. ಅವಳು ಮಾಡುತ್ತಿರುವುದೂ ತಪಸ್ಸೇ.