ಗುರುವಿನ ಸ್ವರ, ಶಿಷ್ಯನ ದನಿ

(ಬಾನುಲಿ ಭಾಷಣ)

ಜಾಜ್ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರ ಕಣ್ಣ ಮುಂದೆ ಬರುವುದು ಹೋಟೆಲಿನ ಮಂದ ಬೆಳಕು, ಕುಣಿಯುವ ಜೋಡಿಗಳು, ಕಿವಿಗಡಚಿಕ್ಕುವ ಕಹಳೆ. ನನ್ನ ಕಲ್ಪನೆಯೂ ಬಹುಕಾಲ ಅಷ್ಟೇ ಆಗಿತ್ತು. ಅದನ್ನು ತಿದ್ದಿದ್ದು ರೇಡಿಯೋ. ಅರುವತ್ತರ ದಶಕದಲ್ಲಿ, ನಾನಿನ್ನೂ ವಿದ್ಯಾರ್ಥಿಯಾಗಿದ್ದಾಗ, ಮನೆಯವರೆಲ್ಲ ಮಲಗಿದ ಮೇಲೆ ಷಾರ್ಟ್‌ವೇವ್‌ನಲ್ಲಿ ಮುಳ್ಳು ತಿರುಗಿಸುತ್ತ ‘ವಾಯ್ಸ್ ಆಫ್ ಅಮೆರಿಕ’ವನ್ನು ಹುಡುಕುತ್ತಿದ್ದೆ. 1955ರಲ್ಲಿ ಆರಂಭವಾದ ಅಲ್ಲಿನ ಜಾಜ್ ಕಾರ್ಯಕ್ರಮವನ್ನು ವಿಲಿಸ್ ಕಾನೋವರ್ ಎಂಬಾತ ನಡೆಸಿಕೊಡುತ್ತಿದ್ದ. ಇಂಗ್ಲಿಷ್ ಅಷ್ಟಾಗಿ ಬಾರದ ದೇಶಗಳವರಿಗೂ ತಿಳಿಯಲೆಂದು ಆತ ಒಂದೊಂದು ಮಾತನ್ನೂ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳುತ್ತಿದ್ದ. ಹಾಗೆ ಕೇಳುತ್ತ ಕೇಳುತ್ತ ಒಂದು ಸಂಗತಿ ನನ್ನನ್ನು ಕಾಡತೊಡಗಿತು. ಒಂದೇ ಹಾಡನ್ನು ಐವರು ನುಡಿಸಿದರೆ ಅದು ಐದು ಬೇರೆ ಬೇರೆ ಹಾಡುಗಳಾಗುತ್ತಿತ್ತು. ಆದರೂ ಪ್ರತಿಯೊಬ್ಬನ ಹಿಂದೆಯೂ ಯಾರೋ ಹಿರಿಯನೊಬ್ಬನ ನೆರಳು ಕಾಣುತ್ತಿತ್ತು. ಹಿರಿಯನಿಂದ ಕಲಿಯಬೇಕು, ಆದರೆ ಹಿರಿಯನಂತೆ ನುಡಿಸಕೂಡದು! ಈ ಕಟ್ಟಳೆಯನ್ನು ಜಾಜ್ ಕಲಾವಿದರು ಹೇಗೆ ಪಾಲಿಸಿದರು, ಅದಕ್ಕಾಗಿ ತೆತ್ತ ಬೆಲೆ ಏನು ಎಂಬುದನ್ನು ಕೆಲವರ ಬಾಳಿನ ಮೂಲಕ ತಮ್ಮ ಮುಂದೆ ಇಡುವುದು ಈ ಹೊತ್ತಿನ ನನ್ನ ಉದ್ದೇಶ.

ಈ ಪರಂಪರೆಯಲ್ಲಿ ಮೊದಲಿಗನೆಂದು ಹೆಸರಾದವನ ಸಂಗೀತವನ್ನು ಕೇಳಿದವರು ಇಂದು ಯಾರೂ ಇಲ್ಲ. ಬಡ್ಡಿ ಬೋಲ್ಡನ್ 1877ರಲ್ಲಿ ಅಮೆರಿಕದ ದಕ್ಷಿಣ ತೀರದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಹುಟ್ಟಿದ. ಆ ದೇಶದಲ್ಲಿ ಗುಲಾಮಗಿರಿ ರದ್ದಾಗಿ ಆಗ ಹನ್ನೆರಡೇ ವರ್ಷ. ಫ್ರೆಂಚರೂ ಸ್ಪೇನಿನವರೂ ಆಳಿಹೋಗಿದ್ದ ಆ ಬಂದರಿನಲ್ಲಿ ಹಲವು ಬಗೆಯ ಸಂಗೀತಗಳು ಒಂದೇ ಬೀದಿಯಲ್ಲಿ ಎದುರಾಗುತ್ತಿದ್ದವು. ಕಾಂಗೋ ಸ್ಕ್ವೇರ್ ಎಂಬ ಬಯಲಿನಲ್ಲಿ ಭಾನುವಾರಗಳಂದು ಗುಲಾಮರು ಕೂಡಿ ಡೋಲು ಬಾರಿಸಿ ಕುಣಿಯುತ್ತಿದ್ದುದರ ನೆನಪು ಒಂದು ಕಡೆ. ಕರಿಯರ ಚರ್ಚುಗಳ ಹಾಡು, ಹೊಲದ ದುಡಿಮೆಯ ಕೂಗು, ನೋವನ್ನೇ ಹಾಡಾಗಿಸಿದ ‘ಬ್ಲೂಸ್’ ಇನ್ನೊಂದು ಕಡೆ. ಮೆರವಣಿಗೆಗೂ ಶವಯಾತ್ರೆಗೂ ಮುಂದಾಗಿ ಹೋಗುವ ಹಿತ್ತಾಳೆಯ ಬ್ಯಾಂಡು ಮತ್ತೊಂದು ಕಡೆ. ಇವನ್ನೆಲ್ಲ ಕಾರ್ನೆಟ್ ಎಂಬ ಗಿಡ್ಡ ಕಹಳೆಯಲ್ಲಿ ಒಂದುಗೂಡಿಸಿದವನು ಬೋಲ್ಡನ್. ಅವನ ಕಹಳೆ ಮೈಲಿಗಟ್ಟಲೆ ಕೇಳಿಸುತ್ತಿತ್ತೆಂದು ಕೇಳಿದವರು ಹೇಳಿಕೊಂಡು ತಿರುಗಿದರು. 1907ರಲ್ಲಿ ಮೂವತ್ತನೆಯ ವಯಸ್ಸಿಗೇ ಬುದ್ಧಿ ಕೆಟ್ಟು ಅವನು ಮಾನಸಿಕ ಆಸ್ಪತ್ರೆ ಸೇರಿದ. ಅಲ್ಲಿಯೇ ಇಪ್ಪತ್ತನಾಲ್ಕು ವರ್ಷ ಕಳೆದು 1931ರಲ್ಲಿ ತೀರಿಕೊಂಡ. ಅಷ್ಟರಲ್ಲಿ ಜಾಜ್ ಗ್ರಾಮಫೋನಿನ ತಟ್ಟೆಗಳ ಮೇಲೇರಿ ಪ್ರಪಂಚವನ್ನೆಲ್ಲ ಸುತ್ತಿತ್ತು. ಬೋಲ್ಡನ್‌ನ ಒಂದು ಸ್ವರವೂ ಮುದ್ರಣವಾಗಿ ಉಳಿದಿಲ್ಲ. ಉಳಿದಿರುವುದು ಅವನ ತಂಡದ ಒಂದೇ ಒಂದು ಮಸುಕಾದ ಛಾಯಾಚಿತ್ರ. ಅವನನ್ನು ಹೂಳಿದ ಜಾಗಕ್ಕೊಂದು ಗುರುತಿನ ಕಲ್ಲನ್ನು ಕೂಡ ಆಗ ಯಾರೂ ನಿಲ್ಲಿಸಲಿಲ್ಲ. 1917ರಲ್ಲಿ ಜಾಜ್‌ನ ಮೊದಲ ಮುದ್ರಿಕೆ ಹೊರಬಂದಾಗ ಅದನ್ನು ನುಡಿಸಿದ್ದು ಬಿಳಿಯರ ತಂಡ ಎಂಬುದನ್ನೂ ಇಲ್ಲಿ ನೆನೆಯಬೇಕು.

ಹಾಗಾದರೆ ಬೋಲ್ಡನ್ ಉಳಿದದ್ದು ಎಲ್ಲಿ? ಕೇಳಿದವರ ಕಿವಿಯಲ್ಲಿ, ಆ ಕಿವಿಯಿಂದ ಮುಂದಿನವರ ಕೈಗೆ. ಅದೇ ಬೀದಿಗಳಲ್ಲಿ ಪಳಗಿದ ಜೋ ಆಲಿವರ್ ಮುಂದಿನ ಪೀಳಿಗೆಯ ಮುಂದಾಳಾದ. ಜನ ಅವನನ್ನು ‘ಕಿಂಗ್’, ಅಂದರೆ ದೊರೆ ಎಂದೇ ಕರೆದರು. ಅವನ ಹಿಂದೆ ಹಿಂದೆ ತಿರುಗಿ ಕಲಿತ ಬಡ ಹುಡುಗನೇ ಲೂಯಿ ಆರ್ಮ್‌ಸ್ಟ್ರಾಂಗ್. 1901ರಲ್ಲಿ ಹುಟ್ಟಿದ ಈತ ಕಾರ್ನೆಟ್ ನುಡಿಸಲು ಕಲಿತದ್ದು ಬೀದಿಪಾಲಾದ ಬಾಲಕರನ್ನು ತಿದ್ದುವ ಆಶ್ರಮವೊಂದರಲ್ಲಿ. ಆಲಿವರ್ ಅವನಿಗೆ ಪಾಠ ಹೇಳಿದ, ತನ್ನದೊಂದು ಹಳೆಯ ಕಾರ್ನೆಟನ್ನು ಕೊಟ್ಟ. ಶಿಷ್ಯ ಕೊನೆಯವರೆಗೂ ಅವನನ್ನು ‘ಪಾಪಾ ಜೋ’ ಎಂದೇ ಕರೆದ. 1922ರಲ್ಲಿ ಷಿಕಾಗೋದಿಂದ ಗುರುವಿನ ಕರೆ ಬಂದಾಗ ಇಪ್ಪತ್ತೊಂದರ ಆರ್ಮ್‌ಸ್ಟ್ರಾಂಗ್ ರೈಲು ಹತ್ತಿದ. ಅಲ್ಲಿ ಗುರುಶಿಷ್ಯರು ಎರಡು ಕಾರ್ನೆಟುಗಳಲ್ಲಿ ಜೊತೆಯಾಗಿ ಹೊಸ ಹೊಸ ಸಂಗತಿಗಳನ್ನು ಹಾಕುವಾಗ, ಬರೆದುಕೊಳ್ಳದೆ ಇದು ಹೇಗೆ ಸಾಧ್ಯ ಎಂದು ಕೇಳುಗರು ಬೆರಗಾಗುತ್ತಿದ್ದರಂತೆ.

1923ರ ಏಪ್ರಿಲ್‌ನಲ್ಲಿ ಈ ತಂಡ ಇಂಡಿಯಾನಾದ ರಿಚ್ಮಂಡ್ ಎಂಬ ಊರಿಗೆ ಮುದ್ರಣಕ್ಕೆ ಹೋಯಿತು. ಆಗಿನ್ನೂ ಅಲ್ಲಿ ಮೈಕ್ರೋಫೋನ್ ಬಂದಿರಲಿಲ್ಲ. ಎಲ್ಲರೂ ಒಂದು ದೊಡ್ಡ ತುತೂರಿಯ ಬಾಯಿಗೆ ಎದುರಾಗಿ ನಿಂತು ನುಡಿಸಬೇಕು. ಅದರ ಕಂಪನವೇ ಮೇಣದ ಮೇಲೆ ಗೆರೆಯಾಗುತ್ತಿತ್ತು. ಗುರುವಿನ ಪಕ್ಕದಲ್ಲಿ ನಿಂತು ಆರ್ಮ್‌ಸ್ಟ್ರಾಂಗ್ ಊದಿದಾಗ ಗುರುವಿನ ಧ್ವನಿ ಮುಚ್ಚಿಹೋಯಿತಂತೆ. ಶಿಷ್ಯನನ್ನು ಹಲವು ಅಡಿ ಹಿಂದಕ್ಕೆ, ಕೋಣೆಯ ಮೂಲೆಗೆ ನಿಲ್ಲಿಸಬೇಕಾಯಿತು. ದೂರ ನಿಂತ ಆ ಹುಡುಗನ ಮುಖ ಸಪ್ಪಗಾಗಿತ್ತೆಂದು ಅದೇ ತಂಡದ ಪಿಯಾನೋ ವಾದಕಿ, ಮುಂದೆ ಅವನ ಮಡದಿಯಾದ ಲಿಲ್ ಹಾರ್ಡಿನ್ ನೆನಪಿಸಿಕೊಂಡಿದ್ದಾಳೆ. ಗುರುವಿಗೆ ಎರಡನೆಯವನಾಗಿಯೇ ಉಳಿಯಬೇಡವೆಂದು ಹಟ ಹಿಡಿದು ಅವನನ್ನು ಹೊರತಂದವಳೂ ಆಕೆಯೇ. ಒಲ್ಲದ ಮನಸ್ಸಿನಿಂದಲೇ 1924ರಲ್ಲಿ ಆರ್ಮ್‌ಸ್ಟ್ರಾಂಗ್ ಆ ತಂಡವನ್ನು ಬಿಟ್ಟ.

ಇದು ಗುರುದ್ರೋಹವೆ? ಇದಕ್ಕೆ ಉತ್ತರ 1928ರ ಜೂನ್‌ನಲ್ಲಿ ದೊರೆಯಿತು. ಆ ತಿಂಗಳು ಆರ್ಮ್‌ಸ್ಟ್ರಾಂಗ್ ಮುದ್ರಿಸಿದ ‘ವೆಸ್ಟ್ ಎಂಡ್ ಬ್ಲೂಸ್’ ಜಾಜ್‌ನ ಚರಿತ್ರೆಯಲ್ಲಿ ಒಂದು ಮೈಲಿಗಲ್ಲು. ಜೊತೆವಾದ್ಯಗಳಾವುವೂ ಇಲ್ಲದೆ ಕಹಳೆಯೊಂದೇ ಮೇಲೇರಿ ಕೆಳಗಿಳಿಯುವ ಅದರ ಆರಂಭದ ಕೆಲವೇ ಕ್ಷಣಗಳು, ಅಲ್ಲಿಯವರೆಗೆ ಗುಂಪಿನ ಸಂಗೀತವಾಗಿದ್ದ ಜಾಜ್ ಇನ್ನು ಮೇಲೆ ಒಬ್ಬ ವ್ಯಕ್ತಿಯ ಆತ್ಮಕಥೆಯೂ ಆಗಬಲ್ಲದೆಂದು ಸಾರಿದವು. ಆ ಕೃತಿಯ ಕರ್ತೃ ಬೇರೆ ಯಾರೂ ಅಲ್ಲ, ಜೋ ಆಲಿವರ್. ಶಿಷ್ಯ ಗುರುವಿನ ರಚನೆಯನ್ನೇ ಎತ್ತಿಕೊಂಡ. ಆದರೆ ಗುರು ಎಂದೂ ಏರದ ಎತ್ತರಕ್ಕೆ ಅದನ್ನು ಒಯ್ದ.

ಆಲಿವರನ ಕೊನೆಯ ದಿನಗಳು ದಾರುಣವಾದವು. ಒಸಡಿನ ರೋಗದಿಂದ ಹಲ್ಲುಗಳು ಹೋದವು. ಕಹಳೆ ಊದುವವನಿಗೆ ಹಲ್ಲು ಹೋಗುವುದೆಂದರೆ ಪಿಟೀಲು ವಾದಕನಿಗೆ ಬೆರಳು ಹೋದಂತೆ. 1937ರಲ್ಲಿ ಆರ್ಮ್‌ಸ್ಟ್ರಾಂಗ್ ಜಾರ್ಜಿಯಾದ ಸವಾನಾ ಪಟ್ಟಣಕ್ಕೆ ಕಚೇರಿಗೆಂದು ಹೋದಾಗ ಗುರು ಅಲ್ಲಿ ತರಕಾರಿ ಮಾರುತ್ತಿದ್ದುದನ್ನು ಕಂಡ. ಜೇಬಿನಲ್ಲಿದ್ದ ಹಣವನ್ನೆಲ್ಲ ಅವನ ಕೈಯಲ್ಲಿ ಹಾಕಿದ. ತಂಡದಲ್ಲಿದ್ದ ಹಳೆಯ ಸಂಗಡಿಗರೂ ಕೈಲಾದುದನ್ನು ಕೊಟ್ಟರು. ಆ ರಾತ್ರಿ ಆಲಿವರ್ ಒಳ್ಳೆಯ ಉಡುಪು ಧರಿಸಿ, ಹಿಂದಿನ ದೊರೆಯಂತೆಯೇ, ಶಿಷ್ಯನ ಕಚೇರಿ ಕೇಳಲು ಬಂದು ನಿಂತನಂತೆ. ಮುಂದಿನ ವರ್ಷದ ಏಪ್ರಿಲ್‌ನಲ್ಲಿ ಅವನು ತೀರಿಕೊಂಡ. ಆರ್ಮ್‌ಸ್ಟ್ರಾಂಗ್ ತಾನು ಬದುಕಿದ್ದಷ್ಟು ಕಾಲವೂ, ಎಂದರೆ 1971ರವರೆಗೂ, ಜೋ ಆಲಿವರ್ ಇಲ್ಲದಿದ್ದರೆ ತಾನಿಲ್ಲ ಎಂಬ ಮಾತನ್ನು ಹೇಳುತ್ತಲೇ ಇದ್ದ.

ಇಲ್ಲಿ ನಮ್ಮ ಸಂಗೀತವನ್ನು ಬಲ್ಲವರಿಗೆ ಒಂದು ಪ್ರಶ್ನೆ ಏಳುವುದು ಸಹಜ. ಮನೋಧರ್ಮ ಸಂಗೀತ ನಮ್ಮಲ್ಲಿಯೂ ಇದೆಯಷ್ಟೆ, ಜಾಜ್‌ನಲ್ಲಿ ವಿಶೇಷವೇನು? ನೆರವಲಿನಲ್ಲಿ ನಾವು ಸಾಹಿತ್ಯದ ಸಾಲನ್ನು ಹಿಡಿದುಕೊಂಡು ಸ್ವರವನ್ನು ಬೆಳೆಸುತ್ತೇವೆ. ಜಾಜ್ ವಾದಕ ಹಾಡಿನ ಧಾಟಿಯನ್ನೇ ಬಿಟ್ಟುಬಿಡುತ್ತಾನೆ. ಅದರ ಕೆಳಗೆ ಹಾಸಿರುವ ಸ್ವರಗುಚ್ಛಗಳ ಸಾಲನ್ನು, ಅವರು ‘ಕಾರ್ಡ್’ ಎನ್ನುವುದನ್ನು, ಮಾತ್ರ ಉಳಿಸಿಕೊಳ್ಳುತ್ತಾನೆ. ಹನ್ನೆರಡು ಅಥವಾ ಮೂವತ್ತೆರಡು ಅಳತೆಗಳ ಆ ಸಾಲು ಆವರ್ತವಾಗಿ ಮರಳಿ ಮರಳಿ ಬರುತ್ತದೆ. ಅದರ ಮೇಲೆ ಪ್ರತಿಯೊಬ್ಬನೂ ಸರದಿಯಂತೆ ತನ್ನ ಮಾಳಿಗೆ ಕಟ್ಟುತ್ತಾನೆ. ಇನ್ನೊಂದು ಭೇದವೂ ಉಂಟು. ನಮ್ಮಲ್ಲಿ ಗುರುವಿನ ಪಾಠಾಂತರವನ್ನು ಕೆಡದಂತೆ ಉಳಿಸಿಕೊಂಡವನಿಗೆ ಗೌರವ. ಅಲ್ಲಿ ಹಿರಿಯನನ್ನು ಹಾಗೆಯೇ ಒಪ್ಪಿಸಿದವನಿಗೆ ‘ನಕಲಿಗ’ ಎಂಬ ಹೆಸರು.

ಈ ನಕಲಿನ ಅಪಾಯ ಎಲ್ಲಕ್ಕಿಂತ ಘೋರವಾಗಿ ಕಂಡದ್ದು ಚಾರ್ಲಿ ಪಾರ್ಕರನ ವಿಷಯದಲ್ಲಿ. 1920ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಹುಟ್ಟಿದ ಈತ ಸ್ಯಾಕ್ಸಫೋನ್ ಹಿಡಿದ ಹುಡುಗ. 1936ರಲ್ಲಿ ಹಿರಿಯರ ಗೋಷ್ಠಿಯೊಂದರಲ್ಲಿ ನುಡಿಸಲು ಹೋಗಿ ದಾರಿ ತಪ್ಪಿದಾಗ, ಡ್ರಮ್ ವಾದಕ ಜೋ ಜೋನ್ಸ್ ತನ್ನ ಕಂಚಿನ ತಟ್ಟೆಯೊಂದನ್ನು ತೆಗೆದು ಅವನ ಕಾಲ ಬಳಿಗೆ ಎಸೆದನೆಂಬ ಕಥೆ ಪ್ರಸಿದ್ಧವಾಗಿದೆ. ಮರುವರ್ಷದ ಬೇಸಗೆಯಲ್ಲಿ ಪಾರ್ಕರ್ ಲೆಸ್ಟರ್ ಯಂಗ್ ಎಂಬ ಹಿರಿಯನ ಮುದ್ರಿಕೆಗಳನ್ನು ಹೊತ್ತುಕೊಂಡು ಓಜಾರ್ಕ್ ಬೆಟ್ಟಗಳ ಕಡೆಗೆ ಹೋದ. ಅಲ್ಲಿ ದುಡಿಮೆಯ ನಡುವೆ ಅವುಗಳ ಒಂದೊಂದು ಸ್ವರವನ್ನೂ ಕಂಠಪಾಠ ಮಾಡಿದ. ಆದರೆ ಅವನು ಮುಂದೆ ನುಡಿಸಿದ್ದು ಲೆಸ್ಟರ್ ಯಂಗನಂತೆ ಅಲ್ಲ. 1945ರ ನವೆಂಬರ್‌ನಲ್ಲಿ ಮುದ್ರಿಸಿದ ‘ಕೋಕೋ’ದಲ್ಲಿ ‘ಚೆರೋಕಿ’ ಎಂಬ ಜನಪ್ರಿಯ ಗೀತೆಯ ಸ್ವರಗುಚ್ಛಗಳಷ್ಟೇ ಉಳಿದಿವೆ. ಅವುಗಳ ಮೇಲೆ ಮಿಂಚಿನ ವೇಗದಲ್ಲಿ ಹರಿಯುವ ಸಂಗೀತ ಹಿಂದೆ ಯಾರೂ ಕೇಳದಂಥದು. ‘ಬೀಬಾಪ್’ ಎಂಬ ಹೊಸ ಮಾರ್ಗ ಹೀಗೆ ಗಟ್ಟಿಯಾಯಿತು.

ಪಾರ್ಕರ್ ಹರೆಯದಲ್ಲಿಯೇ ಹೆರಾಯಿನ್ ಎಂಬ ವಿಷಕ್ಕೆ ಬಲಿಯಾದವನು. ಅವನ ಸ್ವರಗಳನ್ನು ಅನುಕರಿಸಿದ ತರುಣರಲ್ಲಿ ಕೆಲವರು, ಗುಟ್ಟು ಅದರಲ್ಲಿಯೇ ಇದ್ದೀತೆಂದು ಚಟವನ್ನೂ ಅನುಕರಿಸಿದರು. ಅವರಲ್ಲೊಬ್ಬ 1930ರಲ್ಲಿ ಹುಟ್ಟಿದ ಸಾನಿ ರಾಲಿನ್ಸ್. 1953ರಲ್ಲಿ ಒಂದು ಮುದ್ರಣದ ವೇಳೆ ಪಾರ್ಕರ್ ಅವನನ್ನು ವಿಚಾರಿಸಿದಾಗ, ಚಟ ಬಿಟ್ಟಿದ್ದೇನೆಂದು ರಾಲಿನ್ಸ್ ಸುಳ್ಳು ಹೇಳಿದ. ಅದು ಸುಳ್ಳೆಂದು ತಿಳಿದಾಗ ಪಾರ್ಕರನ ಮುಖದಲ್ಲಿ ಕಂಡ ನೋವು ರಾಲಿನ್ಸನನ್ನು ಬಿಡಲಿಲ್ಲ. ಅವನು ಚಿಕಿತ್ಸೆಗೆ ಸೇರಿಕೊಂಡ. ಗುಣವಾಗಿ ಬಂದು ಪಾರ್ಕರನ ಮುಂದೆ ನಿಲ್ಲಬೇಕೆಂಬುದು ಅವನ ಆಸೆ. ಆದರೆ ಅವನು ಅಲ್ಲಿರುವಾಗಲೇ, 1955ರ ಮಾರ್ಚ್ 12ರಂದು, ಪಾರ್ಕರ್ ತೀರಿಕೊಂಡ. ದೇಹವನ್ನು ನೋಡಿದ ವೈದ್ಯರು ಐವತ್ತು ದಾಟಿರಬೇಕೆಂದು ಅಂದಾಜು ಮಾಡಿದರು. ಅವನಿಗಿದ್ದದ್ದು ಮೂವತ್ತನಾಲ್ಕು.

ರಾಲಿನ್ಸ್ ಗುರುವಿನ ಚಟವನ್ನು ಬಿಟ್ಟ; ಗುರುವಿನ ಅತೃಪ್ತಿಯನ್ನು ಮಾತ್ರ ಇಟ್ಟುಕೊಂಡ. 1959ರಲ್ಲಿ ಕೀರ್ತಿಯ ಶಿಖರದಲ್ಲಿರುವಾಗಲೇ, ತನ್ನ ವಿದ್ಯೆ ಸಾಲದೆಂದು ಕಚೇರಿಗಳನ್ನು ನಿಲ್ಲಿಸಿದ. ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ, ರೈಲು ವಾಹನಗಳ ಸದ್ದಿನ ನಡುವೆ, ಎರಡು ವರ್ಷ ಒಬ್ಬನೇ ಸಾಧನೆ ಮಾಡಿದ. ಗುರುವಿಲ್ಲದ ಲೋಕದಲ್ಲಿ ಗುರುವಿಗೆ ಒಪ್ಪಿಸಿದ ಪಾಠ ಅದು ಎಂದು ನನಗನ್ನಿಸುತ್ತದೆ.

ಇನ್ನು ನಮ್ಮ ಕಾಲಕ್ಕೆ ಬರೋಣ. ಈ ಪರಂಪರೆಯ ಒಂದು ಕವಲು ನಮ್ಮ ನಾಡಿನವರೆಗೂ ಚಾಚಿಕೊಂಡಿದೆ. ದಕ್ಷಿಣ ಭಾರತದಿಂದ ವಲಸೆ ಹೋದ ತಂದೆತಾಯಿಗಳಿಗೆ 1971ರಲ್ಲಿ ಹುಟ್ಟಿ, ಅಮೆರಿಕದ ಕೊಲರಾಡೋದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಅವರು ಬಾಲ್ಯದಲ್ಲೇ ಪಾರ್ಕರನ ಮುದ್ರಿಕೆಗಳಿಗೆ ಮನಸೋತವರು. ಅವರು ಜಾಜ್ ವಿದ್ಯಾರ್ಥಿಯಾಗಿದ್ದಾಗ ಅಣ್ಣನು ತಮಾಷೆಗೆಂದು ಒಂದು ಮುದ್ರಿಕೆಯನ್ನು ಉಡುಗೊರೆ ಕೊಟ್ಟನಂತೆ. ಅದರ ಹೆಸರು ‘ಸ್ಯಾಕ್ಸಫೋನ್ ಇಂಡಿಯನ್ ಸ್ಟೈಲ್’. ನುಡಿಸಿದ್ದವರು ನಮ್ಮ ಕದ್ರಿ ಗೋಪಾಲನಾಥರು. ತಮಾಷೆ ಅಲ್ಲಿಗೇ ಮುಗಿಯಿತು. ಕೇಳಿದ ತಮ್ಮ ದಂಗಾದರು.

ಬಂಟ್ವಾಳದ ಸಜಿಪದ ನಾಗಸ್ವರ ವಿದ್ವಾಂಸ ತನಿಯಪ್ಪನವರ ಮಗ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸಫೋನ್ ಕೇಳಿ, ಆ ವಾದ್ಯದಲ್ಲಿ ಗಮಕಗಳನ್ನು ಹೊರಡಿಸಲು ವರ್ಷಗಟ್ಟಲೆ ಶ್ರಮಿಸಿದ್ದು ತಮಗೆ ತಿಳಿದೇ ಇದೆ. 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಜಾನ್ ಹ್ಯಾಂಡಿ, ತಡೆಯಲಾರದೆ ವೇದಿಕೆ ಹತ್ತಿ ಅವರೊಡನೆ ನುಡಿಸಿದ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಪತ್ರ ಪಡೆದ ವಾದ್ಯ ಬ್ಯಾಂಡುಗಳ ಮೂಲಕ ಎರಡು ದೂರದ ನಾಡುಗಳಿಗೆ ಹೋಗಿ, ಎರಡೂ ಕಡೆ ಅಲ್ಲಲ್ಲಿನ ಮಾತು ಕಲಿತಿತ್ತು. ಆ ಎರಡು ಮಾತುಗಳು 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಮುದ್ರಿಕೆಯಲ್ಲಿ ಸೇರಿದವು. ಅದರಲ್ಲಿ ಗೋಪಾಲನಾಥರೂ ಮಹಾಂತಪ್ಪನವರೂ ಎದುರುಬದುರು ನುಡಿಸಿದ್ದಾರೆ; ಕನ್ಯಾಕುಮಾರಿಯವರ ಪಿಟೀಲೂ ಜೊತೆಗಿದೆ. ಯಾರೂ ತಮ್ಮತನ ಬಿಟ್ಟುಕೊಟ್ಟಿಲ್ಲ. 2019ರ ಅಕ್ಟೋಬರ್‌ನಲ್ಲಿ ಗೋಪಾಲನಾಥರು ನಿಧನರಾದಾಗ ನಾನು ಕೇಳಿದ್ದು ಈ ಮುದ್ರಿಕೆಯನ್ನೇ.

ಅದಕ್ಕೂ ಮೊದಲಿನ ಒಂದು ಪ್ರಯೋಗವನ್ನು ಹೇಳದಿರಲಾರೆ. ‘ನಿನಗೆ ಇಂಡಿಯನ್ ಭಾಷೆ ಬರುತ್ತದೆಯೆ?’ ಎಂದು ಅಮೆರಿಕದಲ್ಲಿ ಜನ ಭಾರತೀಯರನ್ನು ಕೇಳುವುದುಂಟು. ಮಹಾಂತಪ್ಪನವರು ಈ ಪ್ರಶ್ನೆಗೆ ಹಲವರು ತಮ್ಮ ತಮ್ಮ ನುಡಿಯಲ್ಲಿ ಕೊಟ್ಟ ಉತ್ತರಗಳನ್ನು ಮುದ್ರಿಸಿಕೊಂಡು, ಆ ಮಾತಿನ ಏರಿಳಿತವನ್ನೇ ಸ್ವರಕ್ಕೆ ಇಳಿಸಿ ರಚನೆಗಳನ್ನು ಮಾಡಿದರು. 2004ರ ಆ ಸಂಪುಟದ ಹೆಸರು ‘ಮದರ್ ಟಂಗ್’, ಎಂದರೆ ತಾಯ್ನುಡಿ. ಅದರಲ್ಲೊಂದು ರಚನೆಯ ಹೆಸರು ‘ಕನ್ನಡ’.

ಪಾರ್ಕರನ ಋಣವನ್ನು ಅವರು ತೀರಿಸಿದ್ದು 2015ರ ‘ಬರ್ಡ್ ಕಾಲ್ಸ್’ನಲ್ಲಿ. ಪಾರ್ಕರನನ್ನು ಅಭಿಮಾನಿಗಳು ‘ಬರ್ಡ್’, ಹಕ್ಕಿ, ಎಂದು ಕರೆಯುತ್ತಿದ್ದರು. ಈ ಸಂಪುಟದಲ್ಲಿ ಅವನ ಒಂದು ರಚನೆಯೂ ಇದ್ದಂತೆಯೇ ಬರುವುದಿಲ್ಲ. ಅವನ ವಾದನದ ಚೂರುಗಳನ್ನು ಬೀಜವಾಗಿ ಬಿತ್ತಿ ಹೊಸ ಬೆಳೆ ತೆಗೆಯಲಾಗಿದೆ. ಪಾರ್ಕರ್ ಲೆಸ್ಟರ್ ಯಂಗನಿಗೂ, ಆರ್ಮ್‌ಸ್ಟ್ರಾಂಗ್ ಆಲಿವರನಿಗೂ ಮಾಡಿದ್ದು ಇದನ್ನೇ ಅಲ್ಲವೆ?

ಹಿರಿಯರನ್ನು ಮರೆತ ಕಿರಿಯ ಬರಿಗೈಯವನು. ಹಿರಿಯರನ್ನು ಹಾಗೆಯೇ ಒಪ್ಪಿಸುವ ಕಿರಿಯ ಸಾಲಗಾರನಾಗಿಯೇ ಉಳಿಯುತ್ತಾನೆ. ಪಡೆದುದನ್ನು ತನ್ನ ದನಿಯಲ್ಲಿ ಮತ್ತೆ ಹೇಳಿದವನು ಮಾತ್ರ ಋಣಮುಕ್ತ. ಬಡ್ಡಿ ಬೋಲ್ಡನ್‌ನ ಒಂದು ಸ್ವರವೂ ನಮಗೆ ಉಳಿದಿಲ್ಲ, ನಿಜ. ಆದರೂ ಜಾಜ್ ಕೇಳುತ್ತ ಕುಳಿತಾಗ ಕೆಲವೊಮ್ಮೆ ನನಗೆ ಅನ್ನಿಸುವುದುಂಟು: ಮೈಲಿಗಟ್ಟಲೆ ಕೇಳುತ್ತಿದ್ದ ಆ ಕಹಳೆ ಇನ್ನೂ ನಿಂತಿಲ್ಲ, ಊದುವ ಬಾಯಿಗಳು ಬದಲಾಗಿವೆ, ಅಷ್ಟೆ.