ಬೆಂಗಳೂರು ಎಷ್ಟು ದೂರ?

ಚೆನ್ನೈನಿಂದ ಬೆಂಗಳೂರು ಆಕಾಶಮಾರ್ಗದಲ್ಲಿ ಸುಮಾರು 290 ಕಿಲೋಮೀಟರ್, ರಸ್ತೆಯಲ್ಲಿ ಸುಮಾರು 350. ವಿಮಾನಕ್ಕೆ ಒಂದು ಗಂಟೆ, ಕಾರಿಗೆ ಆರೇಳು ಗಂಟೆ.

ಆದರೆ ಮನೆ ಬಾಗಿಲಿನಿಂದ ಲೆಕ್ಕ ಹಾಕಿ ನೋಡಿ. ನಮ್ಮ ವೇಲಚೇರಿಗೆ ಮೀನಂಬಾಕ್ಕಂ ಹತ್ತಿರವೇ; ಆದರೂ ಎರಡು ಗಂಟೆ ಮುಂಚೆ ಅಲ್ಲಿರಬೇಕು. ಆ ಕಡೆ, 2008ರಲ್ಲಿ ವಿಮಾನ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋದ ಮೇಲೆ, ಜಯನಗರ ಸೇರಲು ಒಂದೂವರೆ ಗಂಟೆಯಾದರೂ ಬೇಕು. ಒಟ್ಟು ಐದು ಗಂಟೆಗೆ ಕಡಿಮೆಯಿಲ್ಲ!

ಒಮ್ಮೆ ರಾತ್ರಿ ಹತ್ತೂವರೆಗೆ ಅಮ್ಮನ ಫೋನ್: "ಅಪ್ಪಂಗೆ ಎದೆನೋವು, ಆಸ್ಪತ್ರೆಗೆ ಸೇರಿಸಿದ್ದೀವಿ." ಬೆಳಿಗ್ಗೆ ಏಳರ ವಿಮಾನಕ್ಕೆ ಟಿಕೆಟ್ ನೋಡುತ್ತಿದ್ದೆ. "ಬೆಳಗಾಗೋವರೆಗೆ ಕಾಯೋದು ಯಾಕೆ? ಈಗಲೇ ಕಾರಲ್ಲಿ ಹೊರಡೋಣ ರೀ" ಎಂದಳು ಹೆಂಡತಿ. ಶ್ರೀಪೆರಂಬದೂರು, ವೇಲೂರು, ಕೃಷ್ಣಗಿರಿ, ಹೊಸೂರು ದಾಟಿ ಆರು ಗಂಟೆಗೆ ಅಪ್ಪನ ಹಾಸಿಗೆ ಪಕ್ಕದಲ್ಲಿದ್ದೆವು. ಆ ವಿಮಾನ ಇನ್ನೂ ಚೆನ್ನೈ ಬಿಟ್ಟಿರಲಿಲ್ಲ. "ಇಷ್ಟು ಬೇಗ ಹೇಗೆ ಬಂದ್ಯೋ?" ಎಂದರು ಅಪ್ಪ.

ಹಗಲು ಕರೆ ಬಂದರೆ ವಿಮಾನ ನೋಡಿ. ರಾತ್ರಿ ಬಂದರೆ ರಸ್ತೆ ಹಿಡಿಯಿರಿ. ಒಬ್ಬರೇ ಮಾತ್ರ ಓಡಿಸಬೇಡಿ. ನಾವಿಬ್ಬರೂ ಸರದಿಯಲ್ಲಿ ಓಡಿಸಿದ್ದರಿಂದಲೇ ಕ್ಷೇಮವಾಗಿ ತಲುಪಿದ್ದು.